ಟಿವಿ ಆನ್ ಆಗುತ್ತಿಲ್ಲವೇ? ಕರೆಂಟು ಎಲ್ಲಿಯವರೆಗೆ ಬಂದಿದೆ ನೋಡಿ

ಭರಣಿ ಮಳೆ ಹಿಡಿದ ವಾರ ನನ್ನ ಅಂಗಡಿಯ ಮೇಜಿನ ಮೇಲೆ ಜಾಗ ಇರುವುದಿಲ್ಲ. ರಾತ್ರಿ ಗುಡುಗು ಮಿಂಚು ಮುಗಿದ ಮರುದಿನ ಬೆಳಿಗ್ಗೆಯೇ ಬೈಕಿನ ಹಿಂದೆ ಕಂಬಳಿ ಸುತ್ತಿಕೊಂಡು, ಆಟೋದಲ್ಲಿ, ಅಡಿಕೆ ಮೂಟೆಯ ಜೊತೆ ಪಿಕಪ್ಪಿನಲ್ಲಿ ಟಿವಿಗಳು ಬಂದು ಇಳಿಯುತ್ತವೆ. ತಂದವರೆಲ್ಲರ ಮಾತೂ ಒಂದೇ: “ಸಿಡಿಲು ಹೊಡೆದು ಹೋಯ್ತು ಮಾರಾಯ್ರೆ, ಆನೇ ಆಗ್ತಾ ಇಲ್ಲ.” ಸಾಗರ ತಾಲ್ಲೂಕಿನ ಈ ಕಡೆ ನಾನು ಡಬ್ಬಾ ಟಿವಿ ಕಾಲದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ನಿಜವಾಗಿ ಸಿಡಿಲು ಹೊಡೆದ ಟಿವಿ ಯಾವುದು, ಹತ್ತು ರೂಪಾಯಿಯ ಕೆಪಾಸಿಟರ್ (ಕರೆಂಟನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಒಣಗಿ ನಿಂತ ಟಿವಿ ಯಾವುದು ಎಂದು ಹೊರಗಿನಿಂದ ನೋಡಿದರೆ ನನಗೂ ಗೊತ್ತಾಗುವುದಿಲ್ಲ. ಎರಡೂ ಒಂದೇ ಥರ ಕಪ್ಪಗೆ ಕೂತಿರುತ್ತವೆ.

ಗೊತ್ತುಮಾಡಿಕೊಳ್ಳಲು ಗೋಡೆಯ ಪ್ಲಗ್ಗಿನಿಂದ ಶುರುಮಾಡಿ ಕರೆಂಟಿನ ಹಿಂದೆಯೇ ಹೋಗಬೇಕು. ತೋಟಕ್ಕೆ ನೀರು ಬಾರದಿದ್ದಾಗ ಪಂಪಿನಿಂದ ಪೈಪಿನ ಗುಂಟ ನಡೆಯುತ್ತೇವಲ್ಲ, ಹಾಗೆ. ಇಲ್ಲಿಯವರೆಗೆ ನೀರಿದೆ, ಅಲ್ಲಿಂದ ಮುಂದೆ ಇಲ್ಲ ಎಂದಾದರೆ ತೊಂದರೆ ಆ ಎರಡರ ನಡುವೆಯೇ. ಹಾಗೆ ಹುಡುಕುವ ಬದಲು ಇಡೀ ಬೋರ್ಡನ್ನೇ ಬದಲಿಸುವ ಅಭ್ಯಾಸ ಈಗ ಹೆಚ್ಚಾಗಿದೆ. ಕೊಡಬೇಕಾಗಿಲ್ಲದ ದುಡ್ಡನ್ನು ಬಡವರ ಮನೆಯವರು ಕೊಟ್ಟಿದ್ದನ್ನು ಕಂಡು ಬೇಸರವಾಗಿಯೇ ಇದನ್ನು ಬರೆಯಲು ಕೂತೆ.

ಹೋದ ವರ್ಷ ಬಂದ ಒಂದು 32 ಇಂಚಿನ ಎಲ್‌ಇಡಿ ಟಿವಿಯ ವಿಷಯವನ್ನೂ ಜೊತೆಗೇ ಹೇಳುತ್ತೇನೆ. ಘಟ್ಟದ ಅಂಚಿನ ಒಂಟಿ ಮನೆಯ ಅಜ್ಜಿಯೊಬ್ಬರದು. ಮೊಮ್ಮಗ ಅದನ್ನು ಬೇರೆ ಕಡೆ ತೋರಿಸಿ, “ಸಿಡಿಲಿಗೆ ಬೋರ್ಡ್ ಸುಟ್ಟಿದೆ, 3,800 ಆಗ್ತದೆ” ಎಂದು ಹೇಳಿಸಿಕೊಂಡು, ಅಷ್ಟು ಕೊಡಲಾಗದೆ ನನ್ನಲ್ಲಿಗೆ ತಂದಿದ್ದ.

ಬಿಚ್ಚುವ ಮೊದಲು

ವಾರಂಟಿ ಇದ್ದರೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ, ಕಂಪನಿಗೆ ಫೋನ್ ಮಾಡಿ. ವಾರಂಟಿ ಮುಗಿದಿದ್ದರೆ ಮುಂದೆ ಓದಿ.

ಟಿವಿಯ ಪ್ಲಗ್ ಕಿತ್ತು ಅದೇ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಟೆಸ್ಟರ್ ಹಚ್ಚಿ ನೋಡಿದರೆ ಸಾಲದು. ನ್ಯೂಟ್ರಲ್ ತಂತಿ ಬಿಟ್ಟುಹೋಗಿದ್ದರೂ ಫೇಸ್ ಇರುವ ಕಡೆ ಟೆಸ್ಟರ್ ಹೊಳೆಯುತ್ತದೆ, ಆದರೆ ಯಾವ ಸಾಮಾನೂ ನಡೆಯುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಟಿವಿಯ ಹಿಂದೆ ಸಿಕ್ಕಿಸುವ, ಎಂಟರ ಆಕಾರದ ಎರಡು ತೂತಿನ ಕೇಬಲ್ ಆದರೆ ಅದನ್ನೂ ಬದಲಿಸಿ ನೋಡಿ. ಹಳೇ ರೇಡಿಯೋಗೋ ಪ್ರಿಂಟರಿಗೋ ಅದೇ ಕೇಬಲ್ ಇರುತ್ತದೆ. ಅಟ್ಟ ಇರುವ ಮನೆಗಳಲ್ಲಿ ಇಲಿ ಕಡಿದ ಕೇಬಲ್ಲನ್ನು ಎಷ್ಟೋ ಸಲ ಕಂಡಿದ್ದೇನೆ.

ಆಮೇಲೆ ರಿಮೋಟು. ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ಪವರ್ ಬಟನ್ ಒತ್ತಿ. ಕಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ನೇರಳೆ ಬಣ್ಣದಲ್ಲಿ ಮಿಣುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಕೆಲವು ಫೋನುಗಳ ಹಿಂದಿನ ಕ್ಯಾಮೆರಾ ಆ ಬೆಳಕನ್ನು ತಡೆಯುತ್ತದೆ. ರಿಮೋಟು ಸತ್ತಿದ್ದರೆ ಟಿವಿಯ ಮೈಮೇಲಿನ ಬಟನ್ ಒತ್ತಿ. ಈಗಿನ ಟಿವಿಗಳಲ್ಲಿ ಅದು ಕೆಳ ಅಂಚಿನ ನಡುವೆ ಅಥವಾ ಹಿಂಬದಿಯ ಮೂಲೆಯಲ್ಲಿ ಅಡಗಿರುತ್ತದೆ, ಕೈ ಆಡಿಸಿ ಹುಡುಕಬೇಕು. ಮಳೆಗಾಲದ ತೇವಕ್ಕೆ ಈ ಬಟನ್ ಒಳಗೇ ಅಂಟಿಕೊಂಡು, ಟಿವಿ ಆನ್ ಆಗಿ ಕೂಡಲೇ ಆಫ್ ಆಗುವುದೂ ಉಂಟು.

ಇನ್ನೊಂದು ಸುಲಭದ ಕೆಲಸ. ಪ್ಲಗ್ ಕಿತ್ತು, ಸೆಟ್‌ಟಾಪ್ ಬಾಕ್ಸ್, ಪೆನ್‌ಡ್ರೈವ್, ಎಚ್‌ಡಿಎಂಐ ಎಲ್ಲ ಬಿಡಿಸಿ, ಟಿವಿಯ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಪ್ಲಗ್ ಮಾತ್ರ ಹಾಕಿ. ವೋಲ್ಟೇಜು ಏರಿಳಿದು ಪ್ರೋಸೆಸರ್ ಸಿಕ್ಕಿಹಾಕಿಕೊಂಡ ಟಿವಿ ಇಷ್ಟಕ್ಕೇ ಎದ್ದುಬರುತ್ತದೆ.

ಎದ್ದುಬರದಿದ್ದರೆ ಕೆಂಪು ಲೈಟು ನೋಡಿ. ಲೈಟೇ ಇಲ್ಲವೆಂದರೆ, ಗೋಡೆಯ ಕರೆಂಟನ್ನು ಟಿವಿಗೆ ಬೇಕಾದಷ್ಟಕ್ಕೆ ಇಳಿಸುವ ಪವರ್ ಬೋರ್ಡ್ ತನಕ ಕರೆಂಟು ಬಂದಿಲ್ಲ, ಅಥವಾ ಬಂದೂ ಪವರ್ ಬೋರ್ಡ್ ಶುರುವಾಗಿಲ್ಲ. ಲೈಟಿದ್ದು ಆನ್ ಆಗದಿದ್ದರೆ ಅರ್ಧ ದಾರಿ ಸರಿಯಿದೆ, ತೊಂದರೆ ಅದರ ಮುಂದಿದೆ. ಲೈಟು ಲೆಕ್ಕ ಹಿಡಿದು ಮಿಣುಕಿ, ನಿಂತು, ಮತ್ತೆ ಮಿಣುಕುತ್ತಿದ್ದರೆ ಟಿವಿ ತನ್ನ ತೊಂದರೆಯನ್ನು ತಾನೇ ಹೇಳುತ್ತಿದೆ. ಸೋನಿ ಬ್ರಾವಿಯಾದಂಥ ಸೆಟ್ಟುಗಳಲ್ಲಿ ಎಷ್ಟು ಸಲ ಮಿಣುಕಿತು ಎಂಬುದಕ್ಕೆ ಅರ್ಥವಿದೆ. ಎಣಿಸಿ ಬರೆದಿಟ್ಟುಕೊಳ್ಳಿ, ರಿಪೇರಿಯವರಿಗೆ ಉಪಯೋಗ. ಇನ್ನು ಧ್ವನಿ ಬರುತ್ತದೆ, ಪರದೆ ಮಾತ್ರ ಕಪ್ಪು ಎಂದಾದರೆ ಟಿವಿ ಆನ್ ಆಗಿದೆ, ಹೋಗಿರುವುದು ಪರದೆಯನ್ನು ಹಿಂದಿನಿಂದ ಬೆಳಗುವ ಬ್ಯಾಕ್‌ಲೈಟು. ಕತ್ತಲೆ ಕೋಣೆಯಲ್ಲಿ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಚಿತ್ರ ನೆರಳಿನ ಹಾಗೆ ಓಡಾಡುವುದು ಕಾಣುತ್ತದೆ. ಆ ರಿಪೇರಿಗೆ ಪ್ಯಾನೆಲ್ ಎತ್ತಿ ಒಳಗಿನ ಎಲ್‌ಇಡಿ ಸ್ಟ್ರಿಪ್ ಬದಲಿಸಬೇಕು. ಮನೆಯಲ್ಲಿ ಮಾಡುವ ಕೆಲಸ ಅದಲ್ಲ, ಹಾಳೆಯಷ್ಟು ತೆಳ್ಳಗಿನ ಗಾಜು ಕ್ಷಣದಲ್ಲಿ ಸೀಳುತ್ತದೆ.

ಅಜ್ಜಿಯ ಟಿವಿಯಲ್ಲಿ ಕೆಂಪು ಲೈಟು ಇರಲಿಲ್ಲ. ಬಿಚ್ಚುವ ಮೊದಲು ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಆ ಹುಡುಗನಿಗೂ ಕೇಳಿದೆ: “ಪೂರ್ತಿ ಕೆಡುವ ಮೊದಲು ಹೇಗಿತ್ತು?” ಅವನು ಸ್ವಲ್ಪ ಯೋಚಿಸಿ ಹೇಳಿದ, “ದೀಪಾವಳಿ ಹೊತ್ತಿಂದ ಒಂಥರಾ ನಿಧಾನ ಆಗಿತ್ತು. ಕರೆಂಟು ಹೋಗಿ ಬಂದ್ರೆ ಕೆಂಪು ಲೈಟು ಬರೋದಕ್ಕೆ ಹೊತ್ತು ಹಿಡಿತಿತ್ತು. ಅಜ್ಜಿ ಸ್ವಿಚ್ ಹಾಕಿ ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿ ಬರೋದ್ರೊಳಗೆ ಬಂದಿರ್ತಿತ್ತು.” ಅಷ್ಟು ಕೇಳಿದ ಮೇಲೆ ಅದು ಸಿಡಿಲಲ್ಲ ಎಂದು ನನಗೆ ಮುಕ್ಕಾಲು ಪಾಲು ಖಾತ್ರಿಯಾಯಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಜೀವದ ವಿಷಯ

ಹಿಂದಿನ ಕವರ್ ತೆಗೆಯುವವರು ಈ ಭಾಗವನ್ನು ಎರಡು ಸಲ ಓದಿ. ಪವರ್ ಬೋರ್ಡಿನಲ್ಲಿ ಹೆಬ್ಬೆರಳಿಗಿಂತ ದಪ್ಪದ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಅದರ ಮೈಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. ಮನೆಯ 230 ವೋಲ್ಟ್ ಕರೆಂಟು ಡಿಸಿ ಆದಾಗ ಅದರಲ್ಲಿ ಸುಮಾರು 325 ವೋಲ್ಟ್ ತುಂಬಿ ಕೂರುತ್ತದೆ. ಚೆನ್ನಾಗಿರುವ ಟಿವಿಯಲ್ಲಿ ಪ್ಲಗ್ ಕಿತ್ತ ಮೇಲೆ ಬೋರ್ಡೇ ಅದನ್ನು ಬಳಸಿ ಖಾಲಿ ಮಾಡುತ್ತದೆ. ಕೆಟ್ಟ ಟಿವಿಯಲ್ಲಿ ಬಳಸುವವರೇ ಇಲ್ಲವಾದ್ದರಿಂದ ಬಹಳ ಹೊತ್ತು ಹಾಗೇ ಉಳಿಯುತ್ತದೆ. ಎಂದರೆ ಸತ್ತ ಟಿವಿಯೇ ಹೆಚ್ಚು ಅಪಾಯ. ಶಾಕ್ ಹೊಡೆದಾಗ ಕರೆಂಟು ಕಡಿಯುವ ಮನೆಯ ಇಎಲ್‌ಸಿಬಿ ಇದಕ್ಕೆ ರಕ್ಷಣೆ ಕೊಡುವುದಿಲ್ಲ, ಪ್ಲಗ್ ಕಿತ್ತಾಗಿದೆಯಲ್ಲ.

ಸ್ಕ್ರೂಡ್ರೈವರಿನಿಂದ ಅದರ ಎರಡು ಕಾಲು ಸೇರಿಸಿ ಚಟ್ ಎನಿಸುವವರಿದ್ದಾರೆ. ಹಾಗೆ ಮಾಡಿದರೆ ಕಿಡಿ ಹಾರಿ ಬೋರ್ಡಿನ ತಾಮ್ರವೇ ಕಿತ್ತುಬರುತ್ತದೆ. ಹಳೇ ಕಾಲದ ತಂತಿ ಬಲ್ಬು, 60 ವ್ಯಾಟಿನದು, ಹೋಲ್ಡರಿಗೆ ಹಾಕಿ ಎರಡು ವಯರ್ ಎಳೆದುಕೊಳ್ಳಿ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಆ ವಯರುಗಳ ತುದಿಯನ್ನು ಒಂದಾದ ಮೇಲೊಂದು ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿ. ಚಾರ್ಜ್ ಇದ್ದರೆ ಬಲ್ಬು ಒಮ್ಮೆ ಮಿಂಚಿ ಆರುತ್ತದೆ. ಆಮೇಲೆ ಮಲ್ಟಿಮೀಟರ್ ಹಚ್ಚಿ, ಹತ್ತು ವೋಲ್ಟಿಗಿಂತ ಕೆಳಗೆ ಬಂದಿದೆ ಎಂದು ನೋಡಿಯೇ ಬೋರ್ಡಿಗೆ ಕೈ ಹಾಕಿ. ಕರೆಂಟು ಹಾಕಿ ಅಳೆಯುವಾಗ ಕಾಲಿಗೆ ಚಪ್ಪಲಿ ಇರಲಿ, ಮರದ ಮೇಜಿರಲಿ, ಜೊತೆಗೆ ಇನ್ನೊಬ್ಬರಿರಲಿ. ಮೀಟರಿನ ಕೆಂಪು ವಯರು 10 ಆಂಪಿಯರ್ ತೂತಿನಲ್ಲಿ ಉಳಿದಿಲ್ಲವೆಂದು ನೋಡಿಕೊಳ್ಳಿ. ಅದನ್ನು ಅಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋದರೆ ಮೀಟರು ಕೈಯಲ್ಲೇ ಸಿಡಿಯಬಹುದು.

ಇದೆಲ್ಲ ಓದಿ ಅಳುಕಾಯಿತು ಎಂದರೆ ಇಲ್ಲಿಗೇ ನಿಲ್ಲಿಸಿ, ಟಿವಿಯನ್ನು ನಂಬಿಕೆಯ ರಿಪೇರಿಯವರಿಗೆ ಕೊಡಿ. ಮುಂದಿನದನ್ನು ಓದಿಕೊಂಡಿದ್ದರೆ ಅವರು ಏನು ಮಾಡಿದರು ಎಂದು ಕೇಳಲಿಕ್ಕಾದರೂ ಆಗುತ್ತದೆ.

ಕವರ್ ತೆಗೆದ ಮೇಲೆ

ಹಾಸಿಗೆಯ ಮೇಲೆ ದಪ್ಪ ಕಂಬಳಿ ಹಾಸಿ, ಅದರ ಮೇಲೆ ಬಟನ್, ಪಿನ್ನು, ಕಡಲೆಕಾಳು ಏನೂ ಇಲ್ಲವೆಂದು ಕೈಯಾಡಿಸಿ ನೋಡಿ, ಟಿವಿಯನ್ನು ಮುಖ ಕೆಳಗೆ ಮಾಡಿ ಮಲಗಿಸಿ. ರಟ್ಟಿನ ತುಂಡೊಂದರ ಮೇಲೆ ಟಿವಿಯ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ತಪ್ಪಿ ಬೇರೆ ತೂತಿಗೆ ಹೋದರೆ ಪ್ಯಾನೆಲ್ಲಿಗೇ ತಾಗೀತು. ಸ್ಟಿಕ್ಕರಿನ ಕೆಳಗೆ, ಆಂಟೆನಾ ಸಿಕ್ಕಿಸುವ ಜಾಗದ ಪಕ್ಕ ಒಂದೆರಡು ಸ್ಕ್ರೂ ಅಡಗಿರುತ್ತವೆ. ಕವರನ್ನು ಒಮ್ಮೆಲೇ ಎಳೆಯಬೇಡಿ, ಸ್ಪೀಕರಿನದೋ ಬಟನ್ನಿನದೋ ವಯರು ಅದಕ್ಕೆ ಹೊಂದಿಕೊಂಡಿರಬಹುದು. ತೆಗೆದ ಕೂಡಲೇ ಎಲ್ಲ ಕನೆಕ್ಟರುಗಳ ಫೋಟೋ ಹೊಡೆದಿಟ್ಟುಕೊಳ್ಳಿ.

ಮೊದಲು ಕಣ್ಣು, ಮೂಗು ಬಳಸಿ. ಸುಟ್ಟ ವಾಸನೆ ಇದೆಯೇ, ಕಪ್ಪು ಮಸಿ ಹಿಡಿದಿದೆಯೇ, ತಲೆ ಉಬ್ಬಿದ ಕೆಪಾಸಿಟರ್ ಇದೆಯೇ ನೋಡಿ. ನಮ್ಮ ಕಡೆ ಇನ್ನೂ ಒಂದಿದೆ, ಹಲ್ಲಿ. ಟಿವಿಯ ಹಿಂದೆ ಬೆಚ್ಚಗಿರುತ್ತದೆ ಎಂದು ಒಳಗೆ ಹೊಕ್ಕು, ಹೈ ವೋಲ್ಟೇಜಿನ ಎರಡು ಕಾಲುಗಳ ನಡುವೆ ಸೇತುವೆಯಾಗಿ ಸತ್ತಿರುತ್ತದೆ. ಇರುವೆಗಳೂ ಗೂಡು ಮಾಡುತ್ತವೆ. ಅವನ್ನು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ. ನೀರು ಹಾಕಬೇಡಿ.

ಈಗ ಕರೆಂಟಿನ ದಾರಿ ಹಿಡಿಯೋಣ. ವಯರು ಬಂದು ಬೋರ್ಡಿಗೆ ಸೇರುವ ಜಾಗದಲ್ಲೇ ಫ್ಯೂಸು. ಗಾಜಿನದಿರಬಹುದು, ಬಿಳಿ ಪಿಂಗಾಣಿಯದಿರಬಹುದು, ಸಣ್ಣ ಪೆಟ್ಟಿಗೆಯ ಹಾಗಿರಬಹುದು. ಸಣ್ಣ ಟಿವಿಗಳಲ್ಲಿ ಸಾಮಾನ್ಯವಾಗಿ ಟಿ3.15ಎ 250ವಿ ಎಂದಿರುತ್ತದೆ. ಮುಂದಿರುವ ಟಿ ಅಕ್ಷರ ಎಂದರೆ ನಿಧಾನಕ್ಕೆ ಉರಿಯುವ ಫ್ಯೂಸು. ಮೀಟರನ್ನು ಬೀಪಿಗೆ ಇಟ್ಟು ಎರಡು ತುದಿ ಮುಟ್ಟಿಸಿ. ಬೀಪ್ ಬಂದರೆ ಸರಿಯಿದೆ. ಬಾರದಿದ್ದರೆ, ಗಾಜಿನ ಫ್ಯೂಸಾದರೆ, ಒಳಗೆ ನೋಡಿ. ತಂತಿ ಸುಮ್ಮನೆ ತುಂಡಾಗಿದ್ದು ಗಾಜು ತಿಳಿಯಾಗಿದ್ದರೆ ವಯಸ್ಸಾಗಿಯೋ ಸಣ್ಣ ಏಟಿಗೋ ಹೋಗಿರಬಹುದು. ಗಾಜು ಕನ್ನಡಿಯಂತೆ, ಇಲ್ಲವೇ ಮಸಿಯಂತೆ ಕಪ್ಪಾಗಿದ್ದರೆ ಮುಂದೆ ಎಲ್ಲೋ ಜೋರು ಶಾರ್ಟ್ ಇದೆ. ಆಗ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಹಾಗೆ ಸುತ್ತಿದ ಟಿವಿಯೊಂದು ಗೋಡೆಯ ಮೇಲೇ ಉರಿದು, ಹಿಂದಿನ ಅಟ್ಟದ ಹಲಗೆವರೆಗೂ ಕಪ್ಪಾದ ಮನೆಗೆ ನಾನು ಹೋಗಿದ್ದೇನೆ.

ಫ್ಯೂಸಿನ ಪಕ್ಕದಲ್ಲೇ ಬಿಲ್ಲೆಯ ಆಕಾರದ, ಹೆಚ್ಚಾಗಿ ನೀಲಿ ಬಣ್ಣದ ವೆರಿಸ್ಟರ್ ಇರುತ್ತದೆ. 471 ಎಂದು ಬರೆದಿದ್ದರೆ ಅದು 470 ವೋಲ್ಟಿನದು. ವೋಲ್ಟೇಜು ಅತಿಯಾದಾಗ ತಾನು ಶಾರ್ಟಾಗಿ ಫ್ಯೂಸನ್ನು ಹಾರಿಸಿ ಉಳಿದದ್ದನ್ನು ಕಾಯುವುದು ಅದರ ಕೆಲಸ. ಅದು ಸೀಳಿದ್ದರೆ ಅಥವಾ ಸುಟ್ಟಿದ್ದರೆ ಒಂದೋ ಸಿಡಿಲು, ಇಲ್ಲವೇ ಕಂಬದಲ್ಲಿ ನ್ಯೂಟ್ರಲ್ ಕಟ್ಟಾದದ್ದು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ಕೆಲವು ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರ ನುಗ್ಗಬಹುದು. ಮರದ ಕೊಂಬೆ ಬಿದ್ದು ಹಾಗಾದ ದಿನ ಒಂದೇ ಕೇರಿಯ ಐದು ಟಿವಿ ನನ್ನ ಮೇಜಿಗೆ ಬಂದವು. ಐದರಲ್ಲಿ ಮೂರಕ್ಕೆ ಫ್ಯೂಸು ಮತ್ತು ವೆರಿಸ್ಟರ್ ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಸುಟ್ಟ ವೆರಿಸ್ಟರ್ ಕಿತ್ತು ಬರೀ ಫ್ಯೂಸ್ ಹಾಕಿದರೂ ಟಿವಿ ನಡೆಯುತ್ತದೆ. ಹಾಗೆ ಬಿಡುವುದು ಅನ್ಯಾಯ, ಮುಂದಿನ ಏಟು ನೇರ ಬೋರ್ಡಿಗೆ ಬೀಳುತ್ತದೆ.

ಫ್ಯೂಸ್ ಹಾರಿದ್ದು ವೆರಿಸ್ಟರ್ ಸರಿಯಿದ್ದರೆ ಎಸಿ ಕರೆಂಟನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡು ನೋಡಿ. ಒಂದೇ ಚಪ್ಪಟೆ ಬಿಲ್ಲೆಗೆ ನಾಲ್ಕು ಕಾಲಿರಬಹುದು, ಇಲ್ಲವೇ ಬಿಡಿ ಬಿಡಿ ನಾಲ್ಕು ಡಯೋಡಿರಬಹುದು. ಯಾವ ಎರಡು ಕಾಲಿನ ನಡುವೆಯೂ ಬೀಪ್ ಬರಬಾರದು. ಆಮೇಲೆ ಹೀಟ್‌ಸಿಂಕಿಗೆ (ಬಿಸಿ ಹೀರುವ ಲೋಹದ ಪಟ್ಟಿಗೆ) ಕೂರಿಸಿದ, ಸ್ವಿಚ್ಚಿನ ಹಾಗೆ ಕರೆಂಟನ್ನು ಆನ್-ಆಫ್ ಮಾಡುವ ಮಾಸ್‌ಫೆಟ್. ಅದರ ನಡುವಿನ ಮತ್ತು ಕೊನೆಯ ಕಾಲಿನ ನಡುವೆ ಬೀಪ್ ಬಂದರೆ ಶಾರ್ಟ್. ಮಾಸ್‌ಫೆಟ್ ಒಂದೇ ಹೋಗುವುದು ಅಪರೂಪ. ಪಕ್ಕದ ಸಣ್ಣ ರೆಸಿಸ್ಟರುಗಳನ್ನೂ ತನ್ನನ್ನು ನಡೆಸುವ ಐಸಿ ಚಿಪ್ಪನ್ನೂ ಎಳೆದುಕೊಂಡೇ ಹೋಗಿರುತ್ತದೆ. ಇದು ಅನುಭವಸ್ಥರ ಕೆಲಸ, ಬೋರ್ಡನ್ನು ಬಿಚ್ಚಿ ಅವರಿಗೆ ಕೊಡಿ.

ಹೊಸ ಫ್ಯೂಸ್ ಹಾಕಿದ ಮೇಲೆ ನೇರ ಕರೆಂಟು ಕೊಡಬೇಡಿ, ಸೀರೀಸ್ ಬಲ್ಬಿನ ಮೂಲಕ ಕೊಡಿ. ಟಿವಿಗೆ ಹೋಗುವ ಫೇಸ್ ತಂತಿಯ ನಡುವೆ 100 ವ್ಯಾಟಿನ ತಂತಿ ಬಲ್ಬೊಂದನ್ನು ಸೇರಿಸಿದ ಬೋರ್ಡು ಅದು. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ. ನನ್ನ ಗುರುಗಳು ಮಾಡಿಕೊಟ್ಟ ಮರದ ಸೀರೀಸ್ ಬೋರ್ಡನ್ನೇ ನಾನು ಇವತ್ತಿಗೂ ಬಳಸುವುದು. ಬಲ್ಬು ಒಮ್ಮೆ ಮಿಂಚಿ ಆರಿದರೆ ಶಾರ್ಟ್ ಇಲ್ಲ, ದೊಡ್ಡ ಕೆಪಾಸಿಟರ್ ತುಂಬಿಕೊಂಡಿತು ಎಂದರ್ಥ. ಪೂರ್ತಿ ಬೆಳಗುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ಆದರೆ ಫ್ಯೂಸ್ ಉಳಿಯಿತು. ಏನೂ ಮಿಂಚದಿದ್ದರೆ ದಾರಿ ಎಲ್ಲೋ ತುಂಡಾಗಿದೆ.

ಅಜ್ಜಿಯ ಟಿವಿಯಲ್ಲಿ ಸಿಕ್ಕಿದ್ದು

ಆ ಟಿವಿಯ ಫ್ಯೂಸು ಸರಿಯಿತ್ತು. ವೆರಿಸ್ಟರ್ ಹೊಸದರಂತಿತ್ತು. ಸೀರೀಸ್ ಬಲ್ಬು ಮಿಂಚಿ ಆರಿತು. ದೊಡ್ಡ ಕೆಪಾಸಿಟರಿನಲ್ಲಿ ಅಳೆದಾಗ 318 ವೋಲ್ಟ್. ಇಲ್ಲಿಯವರೆಗೆ ನೀರು ಬಂದಿದೆ. (ಇದನ್ನು ಅಳೆಯುವಾಗ ಮೀಟರಿನ ಕಪ್ಪು ವಯರು ಅದೇ ಕೆಪಾಸಿಟರಿನ ಮೈನಸ್ ಕಾಲಿಗೇ ಇರಬೇಕು. ಟಿವಿಯ ತಗಡಿನ ಚಾಸಿಗೆ ಇಟ್ಟರೆ ತಪ್ಪು ಲೆಕ್ಕ ತೋರಿಸುತ್ತದೆ. ಬೋರ್ಡಿನ ಮೇಲೆ ಬಿಳಿ ಗೆರೆಯೊಂದು ಎಳೆದಿರುತ್ತದೆ. ಅದರ ಈಚೆ ಕರೆಂಟಿನ ಕಡೆ, ಆಚೆ ಟಿವಿಯ ಕಡೆ. ಎರಡಕ್ಕೂ ಗ್ರೌಂಡ್, ಅಂದರೆ ಮೀಟರಿನ ಕಪ್ಪು ವಯರು ಇಡುವ ಮೈನಸ್ ಜಾಗ, ಬೇರೆ ಬೇರೆ.) ಗೆರೆಯ ಆಚೆ, ಚಿತ್ರ, ಧ್ವನಿ ನೋಡಿಕೊಳ್ಳುವ ಮೇನ್ ಬೋರ್ಡಿಗೆ ಹೋಗುವ ಕನೆಕ್ಟರಿನಲ್ಲಿ, ಟಿವಿ ಆಫ್ ಇದ್ದಾಗಲೂ ಬರುವ 5 ವೋಲ್ಟ್ ಸ್ಟ್ಯಾಂಡ್‌ಬೈ ಇರಬೇಕಿತ್ತು. ಅಲ್ಲಿ ಸೊನ್ನೆ. ಸೂಕ್ಷ್ಮವಾಗಿ ನೋಡಿದರೆ ಅರ್ಧ ವೋಲ್ಟ್ ಏರಿ, ಇಳಿದು, ಮತ್ತೆ ಏರುತ್ತಿತ್ತು. ಬೋರ್ಡು ಶುರುವಾಗಲು ಒದ್ದಾಡುತ್ತಿದೆ, ಆಗುತ್ತಿಲ್ಲ.

ಪವರ್ ಬೋರ್ಡ್ ಶುರುವಾಗುವ ಬಗೆ ತೋಟದ ಪಂಪನ್ನು ಹೊರಡಿಸಿದ ಹಾಗೇ. ಪಂಪಿಗೆ ಮೊದಲು ಕೊಡದಲ್ಲಿ ನೀರು ಹೊಯ್ದು ಪೈಪು ತುಂಬಿಸುತ್ತೇವೆ. ಮೋಟರು ಹಿಡಿದುಕೊಂಡ ಮೇಲೆ ತಾನೇ ಎತ್ತುತ್ತದೆ. ಫೂಟ್‌ವಾಲ್ವ್ ಸೋರುತ್ತಿದ್ದರೆ ಮೋಟರು ಹಿಡಿಯುವ ಮೊದಲೇ ಹೊಯ್ದ ನೀರೆಲ್ಲ ಇಳಿದುಹೋಗುತ್ತದೆ. ಇಲ್ಲಿಯೂ 300 ವೋಲ್ಟಿನಿಂದ ಒಂದು ರೆಸಿಸ್ಟರ್ ಮೂಲಕ ಹನಿ ಹನಿಯಾಗಿ ಕರೆಂಟು ಇಳಿದು ಒಂದು ಪುಟ್ಟ ಕೆಪಾಸಿಟರನ್ನು ತುಂಬಿಸುತ್ತದೆ. ಅದು ಸಾಕಷ್ಟು ತುಂಬಿದಾಗ ಐಸಿ ಎದ್ದು, ಟ್ರಾನ್ಸ್‌ಫಾರ್ಮರನ್ನು ನಡೆಸಲು ಶುರುಮಾಡುತ್ತದೆ. ಆಮೇಲೆ ಐಸಿಗೆ ಬೇಕಾದದ್ದು ಟ್ರಾನ್ಸ್‌ಫಾರ್ಮರಿನಿಂದಲೇ ಬರುತ್ತದೆ. ನಡುವಿನ ಆ ಒಂದು ಗಳಿಗೆ ಐಸಿಯನ್ನು ಹಿಡಿದು ನಿಲ್ಲಿಸುವುದು ಆ ಪುಟ್ಟ ಕೆಪಾಸಿಟರು. ಅದು ಒಣಗಿದ್ದರೆ ಹಿಡಿದು ನಿಲ್ಲಿಸಲು ಆಗುವುದಿಲ್ಲ, ಐಸಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ.

ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಇನ್ನೂ ಹಟಮಾರಿ, ಸ್ವಲ್ಪ ಬೆಚ್ಚಗಾದರೆ ಸ್ವಲ್ಪ ಕೆಲಸ ಮಾಡುತ್ತದೆ. ಅಜ್ಜಿ ಹುಲ್ಲು ಹಾಕಿ ಬರುವಷ್ಟರಲ್ಲಿ ಟಿವಿ ಬರುತ್ತಿದ್ದದ್ದು ಇದಕ್ಕೇ. ಪ್ಲಗ್ ಕೀಳದೆ ಸದಾ ಸ್ಟ್ಯಾಂಡ್‌ಬೈನಲ್ಲಿಟ್ಟ ಟಿವಿಗೆ ಹೊಸದಾಗಿ ಶುರುವಾಗುವ ಪ್ರಸಂಗವೇ ಬರುವುದಿಲ್ಲ, ಹಾಗಾಗಿ ಈ ಕಾಯಿಲೆ ತಿಂಗಳುಗಟ್ಟಲೆ ಹೊರಗೆ ಕಾಣಿಸದು. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ ಟಿವಿ ಪೂರ್ತಿ ತಣ್ಣಗಾಗಿ, ಮೂರನೇ ದಿನ ಕರೆಂಟು ಬಂದಾಗ ಏಳುವುದಿಲ್ಲ. ಮನೆಯವರು ಸಿಡಿಲೆಂದೇ ತಿಳಿಯುತ್ತಾರೆ. ನಮ್ಮ ಕಡೆ ಮಳೆಗಾಲದ ಮೊದಲ ಗಾಳಿಗೆ “ಸಿಡಿಲು ಹೊಡೆದು” ಬರುವ ಟಿವಿಗಳಲ್ಲಿ ಇಂಥವು ಬಹಳ.

ಆ ಪುಟ್ಟ ಕೆಪಾಸಿಟರ್ ಐಸಿಯ ಪಕ್ಕದಲ್ಲಿ, ಗೆರೆಯ ಈಚೆಗೆ, ಕಡಲೆಬೀಜದಷ್ಟು ದೊಡ್ಡದಿರುತ್ತದೆ. 22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟ್ ಎಂದು ಬರೆದಿರುತ್ತದೆ. ತಲೆ ಉಬ್ಬುವುದಿಲ್ಲ, ಬಣ್ಣ ಮಾಸುವುದಿಲ್ಲ, ನೋಡಲು ಹೊಸದರಂತೆಯೇ ಇರುತ್ತದೆ. ಉಬ್ಬಿದ್ದನ್ನು ಮಾತ್ರ ಹುಡುಕುವವರ ಕಣ್ಣಿಗೆ ಇದು ಬೀಳುವುದಿಲ್ಲ. ಮನೆಯಲ್ಲಿ ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಪ್ಲಗ್ ಕಿತ್ತು, ಆ ಜಾಗಕ್ಕೆ ಮಾತ್ರ ಒಂದು ನಿಮಿಷ ಬಿಸಿಗಾಳಿ ಕೊಟ್ಟು, ಕೂಡಲೇ ಪ್ಲಗ್ ಹಾಕಿ ನೋಡಿ. ಕೆಂಪು ಲೈಟು ಬಂದರೆ ಕಳ್ಳ ಸಿಕ್ಕ. ಅಜ್ಜಿಯ ಟಿವಿ ಹಾಗೇ ಬಂತು. ಆ ಹುಡುಗ ಬಾಯಿ ತೆರೆದು ನಿಂತಿದ್ದ. ಕಿತ್ತು ಮೀಟರಿಗೆ ಹಾಕಿದರೆ 22 ಇರಬೇಕಾದ ಕಡೆ 3 ತೋರಿಸಿತು.

ಬದಲಿಸುವಾಗ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಸ್ವಲ್ಪ ಹೆಚ್ಚಿನ ವೋಲ್ಟು, 105 ಡಿಗ್ರಿ ಎಂದು ಬರೆದದ್ದನ್ನೇ ಕೇಳಿ ತನ್ನಿ. 85 ಡಿಗ್ರಿಯದು ಆ ಬಿಸಿಯಲ್ಲಿ ಬೇಗ ಒಣಗುತ್ತದೆ. ಕೆಪಾಸಿಟರಿನ ಮೈಮೇಲೆ ಪಟ್ಟೆ ಇರುವ ಕಡೆಯ ಕಾಲು ಮೈನಸ್. ಕೀಳುವ ಮೊದಲು ಪಟ್ಟೆ ಯಾವ ಕಡೆಗಿತ್ತೆಂದು ಫೋಟೋ ತೆಗೆಯಿರಿ, ಬೋರ್ಡಿನ ಗುರುತು ನೋಡಿ ಊಹಿಸಲು ಹೋಗಬೇಡಿ. ಉಲ್ಟಾ ಹಾಕಿದರೆ ಸಿಡಿಯುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಹಳೇ ಬೆಸುಗೆಗೆ ಸ್ವಲ್ಪ ಹೊಸ ಸೀಸ ತಾಗಿಸಿದರೆ ಬೇಗ ಕರಗಿ ಕಾಲು ಸಡಿಲವಾಗುತ್ತದೆ. ಎಳೆದು ಕೀಳಬೇಡಿ, ತಾಮ್ರದ ಗೆರೆ ಎದ್ದುಬರುತ್ತದೆ. ಕೆಪಾಸಿಟರ್ ಬದಲಿಸಿಯೂ ಶುರುವಾಗದಿದ್ದರೆ ಆ ಹನಿ ಹನಿ ಇಳಿಸುವ ರೆಸಿಸ್ಟರ್ ತುಂಡಾಗಿರಬಹುದು, ಅದನ್ನೂ ಅಳೆಯಬೇಕು.

ಲೈಟಿದೆ, ಆನ್ ಆಗುವುದಿಲ್ಲ

ಇಲ್ಲಿ ಮೊದಲು ನೋಡಬೇಕಾದ್ದು ಗೆರೆಯ ಆಚೆಗಿನ ಕೆಪಾಸಿಟರುಗಳು, 470 ಅಥವಾ 1000 ಮೈಕ್ರೋಫ್ಯಾರಡಿನವು. ತಲೆ ಚಪ್ಪಟೆಯಾಗಿರಬೇಕು. ಬೆರಳಾಡಿಸಿದಾಗ ಉಬ್ಬು ಸಿಕ್ಕರೆ ಬದಲಿಸಿ. ಇವು ಸೋತಾಗ ಸ್ಟ್ಯಾಂಡ್‌ಬೈ ಲೈಟು ಉರಿಯುತ್ತದೆ, ಪವರ್ ಒತ್ತಿದಾಗ 12 ವೋಲ್ಟ್ ಏರಿ ಕೂಡಲೇ ಕುಸಿಯುತ್ತದೆ, ಟಿವಿ ಟಿಕ್ ಟಿಕ್ ಎಂದು ಸುಮ್ಮನಾಗುತ್ತದೆ.

12 ವೋಲ್ಟ್ ಏಳುವುದೇ ಇಲ್ಲವೆಂದರೆ ಮೇನ್ ಬೋರ್ಡು ‘ಏಳು’ ಎಂದು ಹೇಳುತ್ತಿದೆಯೇ ನೋಡಬೇಕು. ಕನೆಕ್ಟರಿನಲ್ಲಿ ಪಿಎಸ್-ಆನ್ ಅಥವಾ ಎಸ್‌ಟಿಬಿ ಎಂದು ಬರೆದ ಪಿನ್ ಅದಕ್ಕೇ ಇರುವುದು. ಪವರ್ ಒತ್ತಿದಾಗ ಅಲ್ಲಿಯ ವೋಲ್ಟೇಜು ಬದಲಾದರೆ ಮೇನ್ ಬೋರ್ಡು ಹೇಳಿದೆ, ತಪ್ಪು ಪವರ್ ಬೋರ್ಡಿನದು. ಬದಲಾಗದಿದ್ದರೆ ತಪ್ಪು ಮೇನ್ ಬೋರ್ಡಿನದು, ಅಥವಾ ಅದರ ಸಾಫ್ಟ್‌ವೇರಿನದು. ಹೊಸ ಸಣ್ಣ ಟಿವಿಗಳಲ್ಲಿ ಎರಡೂ ಒಂದೇ ಬೋರ್ಡಿನಲ್ಲಿದ್ದು 12 ವೋಲ್ಟ್ ಸದಾ ಇರುತ್ತದೆ, ಆಗ ಈ ಲೆಕ್ಕ ನಡೆಯುವುದಿಲ್ಲ. ಅಂಥ ಬೋರ್ಡಿನಲ್ಲಿ ಚಿಪ್ಪು ಬಿಸಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಲೂಬೇಡಿ, ಅಂಗೈ ಅಗಲದೊಳಗೇ 325 ವೋಲ್ಟ್ ಇರುತ್ತದೆ.

ಮರೆಯಬಾರದ ಒಂದು ಪರೀಕ್ಷೆ: ಪ್ಲಗ್ ಕಿತ್ತು, ಮೇನ್ ಬೋರ್ಡಿನಿಂದ ಪ್ಯಾನೆಲ್ಲಿಗೆ ಹೋಗುವ ಚಪ್ಪಟೆ ಕೇಬಲ್ಲನ್ನು ಬಿಡಿಸಿ ಮತ್ತೆ ಆನ್ ಮಾಡಿ. ಬ್ಯಾಕ್‌ಲೈಟು ಹೊತ್ತಿಕೊಂಡರೆ, ಧ್ವನಿ ಬಂದರೆ, ಶಾರ್ಟ್ ಇರುವುದು ಪ್ಯಾನೆಲ್ಲಿನ ಕಡೆ. ಆ ರಿಪೇರಿಗೆ ಖರ್ಚು ಹೆಚ್ಚು, ಹಳೇ ಟಿವಿಗೆ ಹಾಕುವುದು ಬೇಡ ಎಂದೇ ನಾನು ಹೇಳುವುದು. ಸಾಫ್ಟ್‌ವೇರನ್ನು ಪೆನ್‌ಡ್ರೈವಿನಿಂದ ತುಂಬಿಸುವವರು ಬೋರ್ಡಿನ ನಂಬರೂ ಪ್ಯಾನೆಲ್ಲಿನ ನಂಬರೂ ಎರಡೂ ಹೊಂದಿದರೆ ಮಾತ್ರ ಕೈ ಹಾಕಿ. ಬೇರೆಯದು ತುಂಬಿದರೆ ಚಿತ್ರ ತಲೆಕೆಳಗಾದೀತು, ಇಲ್ಲವೇ ಇದ್ದ ಲೈಟೂ ಹೋದೀತು.

ನಿಜವಾದ ಸಿಡಿಲು ಟಿವಿಗೆ ಬರುವುದು ಕರೆಂಟಿನ ವಯರಿನಲ್ಲಿ ಮಾತ್ರವಲ್ಲ. ಮಾಡಿನ ಮೇಲಿನ ಡಿಶ್ಶಿನಿಂದ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ನೇರ ಮೇನ್ ಬೋರ್ಡಿಗೆ ಇಳಿಯುತ್ತದೆ. ಪವರ್ ಬೋರ್ಡ್ ಸರಿಯಿದ್ದು ಎಚ್‌ಡಿಎಂಐ ಪಕ್ಕದ ಚಿಪ್ಪು ಸುಟ್ಟಿದ್ದರೆ ದಾರಿ ಅದೇ. ಗುಡುಗು ಬರುವ ಲಕ್ಷಣ ಕಂಡ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಒಳಗಿನ ಸಣ್ಣ ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ. ಪ್ಲಗ್ ಕೀಳಬೇಕು, ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ತಿರುಗಿಸಿ ತೆಗೆದು ಟಿವಿಯಿಂದ ದೂರ ಇಡಬೇಕು. ಗುಡುಗು ಕೇಳತೊಡಗಿದ ಮೇಲೆ ನೆನಪಾದರೆ ಪ್ಲಗ್ಗನ್ನಾಗಲಿ ಕೇಬಲ್ಲನ್ನಾಗಲಿ ಮುಟ್ಟಲು ಹೋಗಬೇಡಿ. ಇನ್ನು ಸ್ಟೆಬಿಲೈಜರ್ ವಿಷಯ. ಹೆಚ್ಚಿನ ಎಲ್‌ಇಡಿ ಟಿವಿಗಳ ಹಿಂದೆ 100-240 ವೋಲ್ಟ್ ಎಂದು ಬರೆದಿರುತ್ತದೆ. ಅಂಥದ್ದು ಲೋ ವೋಲ್ಟೇಜಿಗೆ ಹೆದರುವುದಿಲ್ಲ. ಕೊಳ್ಳುವುದಾದರೆ ವೋಲ್ಟೇಜು ಹೆಚ್ಚಾದಾಗ ತಾನೇ ಕಟ್ ಮಾಡುವಂಥದ್ದನ್ನು ಕೊಳ್ಳಿ.

ಅಜ್ಜಿಯ ಟಿವಿಯನ್ನು ನಾನೇ ಒಯ್ದು ಗೋಡೆಗೆ ಹಾಕಿ ಬಂದೆ, ಅವರ ಮನೆ ನನ್ನ ದಾರಿಯಲ್ಲೇ. ಯಾವ ಯಾವುದನ್ನು ಕೀಳಬೇಕು ಎಂದು ಎರಡು ಸಲ ತೋರಿಸಿದೆ. ಅವರು ಒಳಗೆ ಹೋಗಿ ಹಳೇ ಸೀರೆಯ ಕೆಂಪು ಅಂಚು ಹರಿದು ತಂದು, ಒಂದು ತುಂಡನ್ನು ಪ್ಲಗ್ಗಿನ ವಯರಿಗೆ, ಇನ್ನೊಂದನ್ನು ಡಿಶ್ ಕೇಬಲ್ಲಿಗೆ ಗಂಟು ಹಾಕಿದರು. “ಕಣ್ಣು ಸರಿ ಕಾಣಿಸದಿದ್ರೂ ಕೈಗೆ ಸಿಗ್ತದಲ್ಲ” ಎಂದರು.